ಒಂಬತ್ತನೇ ನಂಬರಿನವರಿಗೆ ಕನ್ನಡ ಬರುವುದಿಲ್ಲ

ನನ್ನಲ್ಲಿ ಒಂದು ಕೆಟ್ಟ ಚಾಳಿ ಉಂಟು. ಯಾರಾದರೂ ಓಡಿ ಬಂದು ತಮ್ಮ ಮನೆಗೆ ಬೆಂಕಿ ಬಿತ್ತು ಎಂದು ಹೇಳಿದರೂ ನನ್ನ ಕಿವಿಗೆ ಮೊದಲು ಬೀಳುವುದು ಅವರ ವಾಕ್ಯ, ಆಮೇಲೆ ಬೆಂಕಿ. ಕರ್ತೃ ಎಲ್ಲಿ, ಕ್ರಿಯಾಪದ ಎಲ್ಲಿ ಎಂದು ನೋಡಿದ ಮೇಲೆಯೇ ನಾನು ಬಕೆಟ್ ಹುಡುಕುವುದು. ಮೂವತ್ತು ವರ್ಷ ಕಾಸರಗೋಡಿನ ಶಾಲೆಗಳಲ್ಲಿ ಕನ್ನಡ ಕಲಿಸಿದವನಿಗೆ ಇದು ಅಂಟಿಕೊಳ್ಳುವ ಕಾಯಿಲೆ ಎಂದು ನನ್ನಷ್ಟಕ್ಕೆ ಸಮಾಧಾನ ಮಾಡಿಕೊಂಡಿದ್ದೇನೆ. ನಮ್ಮ ಕಡೆ ಕನ್ನಡ ಮಾಷ್ಟ್ರಿಗೆ ಶಾಲೆಯ ಹೊರಗೆ ಇರುವ ಕೆಲಸವಾದರೂ ಎಂತದು? ಮದುವೆಯ ಕಾಗದ ತಿದ್ದುವುದು, ಉತ್ತರಕ್ರಿಯೆಯ ಕಾಗದ ತಿದ್ದುವುದು, ಮಲಯಾಳದಲ್ಲಿ ಬಂದ ನೋಟೀಸು ಹಿಡಿದುಕೊಂಡು ಬಂದವರಿಗೆ ಇದರಲ್ಲಿ ಹೆದರುವಂಥದ್ದು ಎಂತದೂ ಇಲ್ಲ ಎಂದು ಕನ್ನಡದಲ್ಲಿ ಧೈರ್ಯ ಹೇಳುವುದು. ಕಾಗದಗಳನ್ನು ನಾನು ಎಷ್ಟು ತಿದ್ದಿ ಕೊಟ್ಟರೂ ಪ್ರೆಸ್ಸಿನವರು ಅವರಿಗೆ ಬೇಕಾದ ಹಾಗೆಯೇ ಅಚ್ಚು ಹಾಕುತ್ತಿದ್ದರು. ನನ್ನ ಭಾಷೆಯಿಂದ ಒಬ್ಬರಿಗಾದರೂ ನಿಜವಾದ ಉಪಕಾರ ಆಗಬೇಕು ಎಂಬ ಆಸೆ, ನಿವೃತ್ತಿಗೆ ಎರಡೇ ವರ್ಷ ಉಳಿದಿರುವಾಗಲೂ, ಹಾಗೆಯೇ ಒಳಗೆ ಉಳಿದುಬಿಟ್ಟಿತ್ತು.

ಅಂಥ ಹೊತ್ತಿನಲ್ಲಿ ಮಿಸ್ರಿಯಾ ಬಂದಳು. ಕುಂಜತ್ತೂರಿನವಳು, ಹತ್ತನೆಯಲ್ಲಿ ನನ್ನ ಶಿಷ್ಯೆ. ಮನೆಯಲ್ಲಿ ಬ್ಯಾರಿ, ಬಸ್ಸಿನಲ್ಲಿ ತುಳು, ಆಸ್ಪತ್ರೆಯಲ್ಲಿ ಮಲಯಾಳ ಎಂದು ಸಲೀಸಾಗಿ ಮಾತಾಡುವವಳು ನನ್ನೆದುರು ಬಂದರೆ ಮಾತ್ರ ಉಸಿರು ಬಿಗಿಹಿಡಿದು ಕನ್ನಡ ಆಡುತ್ತಿದ್ದಳು. ನರ್ಸಿಂಗ್ ಕಲಿತು ನನ್ನ ಹೆಂಡತಿ ವಾರಿಜಳ ಕೈಕೆಳಗೆ ಆರು ವರ್ಷ ದುಡಿದವಳು. ವಾರಿಜ ನಮ್ಮ ಊರಿಗೆ ಅರ್ಧ ಗಂಟೆ ದೂರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ಇಪ್ಪತ್ತಾರು ವರ್ಷದಿಂದ ಅದೇ ಆಸ್ಪತ್ರೆ, ಹೆಚ್ಚು ಕಡಿಮೆ ಅದೇ ವಾರ್ಡು. ಈ ಹುಡುಗಿಯ ಬೆನ್ನು ಬಿದ್ದು, ಇಲ್ಲೇ ಕೊಳೆಯಬೇಡ ಮಾರಾಯ್ತಿ ಎಂದು ಬೈದು, ಕೆಲಸ ಬಿಡಿಸಿ ಮಂಗಳೂರಿಗೆ ಎಂ.ಎಸ್ಸಿ. ಕಲಿಯಲು ಕಳಿಸಿದ್ದೂ ಅವಳೇ. ಮಿಸ್ರಿಯಾಳ ಗಂಡ ಗಲ್ಫಿನಲ್ಲಿ. ಸಣ್ಣ ಮಗುವನ್ನು ಅತ್ತೆ ನೋಡಿಕೊಳ್ಳುತ್ತಿದ್ದರು. ಆದರೆ ಎರಡು ವರ್ಷ ಮಾತ್ರ, ಅದರ ಮೇಲೆ ಒಂದು ದಿನವೂ ಇಲ್ಲ ಎಂದು ಅತ್ತೆ ಮೊದಲೇ ಹೇಳಿಬಿಟ್ಟಿದ್ದರಂತೆ. ಆ ಎರಡು ವರ್ಷದಲ್ಲಿ ಉಳಿದಿದ್ದದ್ದು ನಾಲ್ಕು ತಿಂಗಳು. ಪ್ರಬಂಧ ಹೊತ್ತಿಗೆ ಸರಿಯಾಗಿ ಮುಗಿದರೆ ಡಿಗ್ರಿ, ಇಲ್ಲದಿದ್ದರೆ ಮನೆ.

ಅವಳ ಪ್ರಬಂಧದ ವಿಷಯ, ನರ್ಸುಗಳು ಕೆಲಸದಲ್ಲಿ ಹೇಗೆ ಸುಟ್ಟುಹೋಗುತ್ತಾರೆ ಎಂಬುದು. ಮೈ ಸುಡುವುದಲ್ಲ, ಮನಸ್ಸು. ಬರ್ನ್‌ಔಟ್ ಎನ್ನುತ್ತಾರಂತೆ. ಅದನ್ನು ಅಳೆಯಲು ಇಂಗ್ಲಿಷಿನಲ್ಲಿ ಹದಿನೆಂಟು ಪ್ರಶ್ನೆಗಳ ಒಂದು ಪಟ್ಟಿ ಉಂಟು. ಪ್ರತಿಯೊಂದಕ್ಕೂ ಇಲ್ಲವೇ ಇಲ್ಲ, ಕೆಲವೊಮ್ಮೆ, ಹೆಚ್ಚಾಗಿ, ಯಾವಾಗಲೂ ಎಂಬ ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕಬೇಕು. ಗಡಿಯ ಈಚೆಯ ನಮ್ಮ ನರ್ಸುಗಳಲ್ಲಿ ಹೆಚ್ಚಿನವರು ಮನೆಯಲ್ಲಿ ಏನೇ ಮಾತಾಡಿದರೂ ಶಾಲೆಯಲ್ಲಿ ಓದಿದ್ದು ಕನ್ನಡ. ಹಾಗಾಗಿ ಪಟ್ಟಿ ಕನ್ನಡಕ್ಕೆ ಬರಬೇಕು. ಬಂದರೆ ಸಾಲದು, ಪರೀಕ್ಷೆಯೂ ಆಗಬೇಕು. ಅದೇ ಇಪ್ಪತ್ತು ಮಂದಿಗೆ ಹದಿನೈದು ದಿನ ಬಿಟ್ಟು ಎರಡು ಸಲ ಕೊಡುವುದು. ಎರಡು ಸಲದ ಉತ್ತರವೂ ಹೆಚ್ಚು ಕಡಿಮೆ ಒಂದೇ ಇದ್ದರೆ ಪಟ್ಟಿ ನಂಬಿಕಸ್ಥ. ಬೇರೆ ಬೇರೆ ಬಂದರೆ ಪ್ರಶ್ನೆಯಲ್ಲೇ ಎಂತದೋ ಐಬು ಉಂಟೆಂದು ಅರ್ಥ. ಇದನ್ನೆಲ್ಲ ವಿವರಿಸಿ, ಸರ್, ನೀವೇ ಮಾಡಿಕೊಡಬೇಕು ಎಂದು ಅವಳು ಕೇಳಿದಾಗ ನಾನು ಒಳಗಿಂದೊಳಗೆ ಹೇಗೆ ಉಬ್ಬಿದೆ ಎಂದರೆ, ಚಹಾ ಕುಡಿದು ಹೋಗು ಎಂದು ಹೇಳಲೂ ಮರೆತೆ.

ನನ್ನ ಮೊದಲ ಅನುವಾದವನ್ನು ನೀವು ನೋಡಬೇಕಿತ್ತು. ಬರ್ನ್‌ಔಟಿಗೆ ‘ವೃತ್ತಿಜನ್ಯ ಚೈತನ್ಯಕ್ಷಯ’ ಎಂದು ಇಟ್ಟೆ. ಒಂದನೇ ಪ್ರಶ್ನೆ ಹೀಗಿತ್ತು: ‘ಪ್ರಾತಃಕಾಲದಲ್ಲಿ ಕರ್ತವ್ಯಸ್ಮರಣೆಯಿಂದ ತಮ್ಮ ಅಂತಃಕರಣದಲ್ಲಿ ಗ್ಲಾನಿಯುಂಟಾಗುತ್ತದೆಯೇ?’ ಬರೆದು ನಾನೇ ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ವಾರಿಜ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಾ ಕೇಳಿಸಿಕೊಂಡಳು. ಇದನ್ನು ಓದಿ ಮುಗಿಸುವಷ್ಟರಲ್ಲಿ ನಮ್ಮಲ್ಲಿ ಮೂರು ಜನರ ಡ್ರಿಪ್ ಖಾಲಿಯಾಗ್ತದೆ ಎಂದಳು. ನನಗೆ ಸಿಟ್ಟು ಬಂತು. ಹಾಗಾದರೆ ನೀನೇ ಹೇಳು ನೋಡುವ ಎಂದೆ. ಅವಳು ಇಸ್ತ್ರಿಯಿಂದ ತಲೆ ಎತ್ತದೆ, ‘ಬೆಳಿಗ್ಗೆ ಏಳುವಾಗ, ಇವತ್ತೂ ಡ್ಯೂಟಿಗೆ ಹೋಗಬೇಕಲ್ಲಾ ಎಂದು ಸುಸ್ತಾಗುತ್ತದೆ. ಅಷ್ಟೇ ಅಲ್ಲವಾ ಅದರಲ್ಲಿ ಇರುವುದು’ ಎಂದಳು. ಅಷ್ಟೇ ಇದ್ದದ್ದು. ಒಂದು ವಾರದಲ್ಲಿ ಹದಿನೆಂಟೂ ಪ್ರಶ್ನೆಗಳು ಹೀಗೆಯೇ ಆದವು. ಅವಳು ಬಸಳೆ ಸೋಸುತ್ತಲೋ ಬಟ್ಟೆ ಮಡಚುತ್ತಲೋ ಹೇಳುವುದು, ನಾನು ಮೇಜಿನ ಬಳಿ ಕೂತು ಬರೆದುಕೊಂಡು ಅಲ್ಲಲ್ಲಿ ಒಂದು ಅಲ್ಪವಿರಾಮ ಹಾಕುವುದು. ಎಲ್ಲದಕ್ಕೂ ಅವಳ ಬಾಯಲ್ಲಿ ಮಾತು ತಯಾರಾಗಿಯೇ ಇತ್ತು. ಅದು ಎಲ್ಲಿಂದ ಇಷ್ಟು ಸಲೀಸಾಗಿ ಬರುತ್ತದೆ ಎಂದು ಕೇಳಬೇಕು ಅಂತ ನನಗೆ ಆಗಲಿಲ್ಲ. ಪಟ್ಟಿಯ ಕೆಳಗೆ ‘ಕನ್ನಡಕ್ಕೆ’ ಎಂದು ಬರೆದು ನನ್ನ ಹೆಸರು ಹಾಕಿ, ಮುಂದೆ ಪದವಿಯನ್ನೂ ಸೇರಿಸಿದೆ.

ಪರೀಕ್ಷೆಗೆ ವಾರ್ಡಿನ ಇಪ್ಪತ್ತು ಮಂದಿ ಒಪ್ಪಿದರು. ಹೆಸರು ಬರೆಯುವ ಹಾಗಿಲ್ಲ, ಬರೀ ನಂಬರು. ಯಾವ ನಂಬರು ಯಾರದು ಎಂಬುದು ಮಿಸ್ರಿಯಾಳ ಪುಸ್ತಕದಲ್ಲಿ ಮಾತ್ರ. ವಾರಿಜಳೂ ಇಪ್ಪತ್ತರಲ್ಲಿ ಒಬ್ಬಳು. ಅವಳ ನಮೂನೆ ಸಿಕ್ಕಿದ ದಿನ, ಅದನ್ನು ಮನೆಗೆ ತಾ, ಇಲ್ಲೇ ತುಂಬು ಎಂದು ನಾನು ಹಠ ಹಿಡಿದೆ. ನನ್ನ ವಾಕ್ಯಗಳು ಒಬ್ಬ ನಿಜವಾದ ನರ್ಸಿನ ಮೇಲೆ ಹೇಗೆ ಕೆಲಸ ಮಾಡುತ್ತವೆ ಎಂದು ಕಣ್ಣಾರೆ ಕಾಣುವ ಆಸೆ. ಅವಳು ಡ್ಯೂಟಿ ಮುಗಿಸಿ, ಬಸ್ಸಿಳಿದು, ಕೈಕಾಲು ತೊಳೆದು ಬಂದು ಊಟದ ಮೇಜಿನಲ್ಲಿ ಕೂತಳು. ನಾನು ಎದುರಿಗೆ ಕನ್ನಡಕ ಹಾಕಿಕೊಂಡು ಕೂತೆ. ಅವಳು ಒಂದೊಂದು ಪ್ರಶ್ನೆಗೆ ಪೆನ್ನು ಊರಿದಾಗಲೂ, ಭಾಷೆ ಹೇಗುಂಟು, ಎಲ್ಲಿಯಾದರೂ ತೊಡರುತ್ತದಾ ಎಂದು ಕೇಳಿದೆ. ಲಾಯಕ್ಕುಂಟು, ಲಾಯಕ್ಕುಂಟು ಎನ್ನುತ್ತಾ ನಾಲ್ಕೇ ನಿಮಿಷದಲ್ಲಿ ಮುಗಿಸಿ, ಅನ್ನಕ್ಕೆ ಇಡಬೇಕು ಎಂದು ಎದ್ದಳು. ನೋಡಬಾರದು ಎಂಬ ನಿಯಮ ನನಗೆ ಗೊತ್ತಿತ್ತು. ಆದರೂ ಎದುರಿಗೆ ಕೂತವನ ಕಣ್ಣು ಎಲ್ಲಿಗೆ ಹೋಗುತ್ತದೆ? ಮೊದಲ ಪ್ರಶ್ನೆಯಿಂದ ಕೊನೆಯವರೆಗೆ ‘ಇಲ್ಲವೇ ಇಲ್ಲ’ ಎಂಬಲ್ಲಿಗೆ ಗುರುತು, ಗೆರೆ ಎಳೆದ ಹಾಗೆ ಒಂದೇ ಸಾಲಿನಲ್ಲಿ.

ನಾನು ಮರುದಿನ ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಂಡದ್ದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಇಪ್ಪತ್ತಾರು ವರ್ಷ ರೋಗಿಗಳ ನಡುವೆ ದುಡಿದೂ ಮನಸ್ಸಿಗೆ ಆಯಾಸ ಎಂಬುದೇ ಇಲ್ಲ ನನ್ನ ಹೆಂಡತಿಗೆ, ಇದು ಬರೀ ಬಾಯಿಮಾತಲ್ಲ, ಅಳೆದು ನೋಡಿದ ವಿಷಯ ಎಂದೆ. ಕಾರಣ ಎಂತ ಎಂದು ಸಮಾಜ ಪಾಠದ ಟೀಚರ್ ಕೇಳಿದರು. ಮನೆಯ ವಾತಾವರಣ ಟೀಚರ್ ಎಂದೆ. ಮನೆಗೆ ಬಂದ ಕೂಡಲೇ ಅವಳ ಎದುರು ಕೂತು ನಮ್ಮ ಶಾಲೆಯ ಸಂಗತಿಯನ್ನೆಲ್ಲ ಹೇಳುತ್ತೇನೆ, ಹೆಡ್ ಮಾಷ್ಟ್ರ ಕಿರಿಕಿರಿಯಿಂದ ಹಿಡಿದು ಎಂಟನೇ ಕ್ಲಾಸಿನ ಪುಂಡಾಟದ ತನಕ, ಅವಳಿಗೆ ಅದೊಂದು ಬಿಡುಗಡೆ, ತುಟಿ ಪಿಟಕ್ಕೆನ್ನದೆ ಕೇಳುತ್ತಾಳೆ ಎಂದೆ. ಟೀಚರ್ ಪೇಪರ್ ತಿದ್ದಲು ಶುರುಮಾಡಿದರು.

ಎರಡನೇ ಸಲದ ನಮೂನೆಗಳನ್ನು ಹಂಚುವ ದಿನ ಮಿಸ್ರಿಯಾಳಿಗೆ ಮಂಗಳೂರಿನಲ್ಲಿ ಪ್ರಾಕ್ಟಿಕಲ್ ಇತ್ತು. ಅವಳು ಹಿಂದಿನ ದಿನವೇ ನಮೂನೆಗಳನ್ನು ಮೂರು ಲಕೋಟೆ ಮಾಡಿ, ಮೇಲೆ ಬೆಳಗ್ಗಿನ ಡ್ಯೂಟಿ ಇಂಥಿಂಥ ನಂಬರು, ಮಧ್ಯಾಹ್ನದ್ದು ಇಂಥಿಂಥದ್ದು ಎಂದು ಬರೆದು ವಾರ್ಡಿನಲ್ಲಿ ಇಟ್ಟುಹೋದಳು. ಎಲ್ಲವೂ ತುಂಬಿ ಬಂದವು. ಲೆಕ್ಕ ಹಾಕಿದರೆ ಇಪ್ಪತ್ತರಲ್ಲಿ ಹತ್ತೊಂಬತ್ತು, ಮೊದಲಿನ ಸಲದ ಉತ್ತರಕ್ಕೆ ತೆಗೆದು ಅಂಟಿಸಿದ ಹಾಗೆ ಹೊಂದುತ್ತಿದ್ದವು. ಒಂಬತ್ತನೇ ನಂಬರು ಮಾತ್ರ ಪೂರ್ತಿ ತಿರುಗುಮುರುಗು. ಅವಳ ಪ್ರಬಂಧದ ಗೈಡ್‌ಗೆ ಖುಷಿಯೋ ಖುಷಿ. ಇಷ್ಟು ಚಂದ ಹೊಂದುವುದು ಅಪರೂಪ, ಅನುವಾದ ಮಾಡಿದವರು ಯಾರು ಎಂದು ಕೇಳಿದರಂತೆ. ಇದನ್ನು ಮಿಸ್ರಿಯಾ ಫೋನಿನಲ್ಲಿ ಹೇಳಿದಾಗ ನಾನು ಇನ್ನೊಮ್ಮೆ ಹೇಳು, ಸರಿಯಾಗಿ ಕೇಳಿಸಲಿಲ್ಲ ಎಂದು ಎರಡು ಸಲ ಹೇಳಿಸಿದೆ.

ಆದರೆ ಅವಳ ಸ್ವರದಲ್ಲಿ ಖುಷಿ ಇರಲಿಲ್ಲ. ನಾಲ್ಕನೇ ನಂಬರು ಶೈಲ ಎಂಬವಳದ್ದು. ಮೊದಲ ಸಲ ನಮೂನೆ ತುಂಬುವಾಗ ಅವಳಿಗೆ ತುಂಬಿದ ತಿಂಗಳು. ಎರಡನೇ ಸಲದ ಹೊತ್ತಿಗೆ ಅವಳು ಹೆರಿಗೆಯಾಗಿ ವರ್ಕಾಡಿಯ ತಾಯಿಮನೆಯಲ್ಲಿ ಎಣ್ಣೆ ಹಚ್ಚಿಸಿಕೊಂಡು ಮಲಗಿದ್ದಳು. ಹಾಗಿದ್ದರೂ ವಾರ್ಡಿನಿಂದ ಅವಳ ನಮೂನೆ ತುಂಬಿ ಬಂದಿತ್ತು, ಉತ್ತರವೂ ಅಚ್ಚುಕಟ್ಟಾಗಿ ಹೊಂದಿತ್ತು. ಮಿಸ್ರಿಯಾ ವಾರ್ಡಿಗೆ ಹೋಗಿ ವಿಚಾರಿಸಿದಳು. ಆಗ ಗೊತ್ತಾದದ್ದು ಎಂತ ಎಂದರೆ, ನಮ್ಮ ನರ್ಸುಗಳಲ್ಲಿ ‘ಓವರ್ ಕೊಡುವುದು’ ಎಂಬ ಕ್ರಮ ಉಂಟು. ಡ್ಯೂಟಿ ಮುಗಿಸಿ ಹೋಗುವವರು ಬರುವವರಿಗೆ ರೋಗಿ, ಮದ್ದು, ಚಾರ್ಟು ಎಲ್ಲ ಒಪ್ಪಿಸಿ ಹೋಗಬೇಕು. ಹೋದವರು ಅರ್ಧಕ್ಕೆ ಬಿಟ್ಟದ್ದನ್ನು ಬಂದವರು ಮುಂದುವರಿಸಬೇಕು. ಡ್ಯೂಟಿ ಅದಲುಬದಲು ಮಾಡಿಕೊಂಡರೆ, ಆ ಡ್ಯೂಟಿಯ ಕಾಗದಗಳೆಲ್ಲ ಕೂತವರ ತಲೆಗೆ. ಲಕೋಟೆಯ ಮೇಲೆ ಡ್ಯೂಟಿ ಬರೆದದ್ದರಿಂದ ಹುಡುಗಿಯರು ನಮೂನೆಯನ್ನೂ ಚಾರ್ಟೆಂದೇ ತಿಳಿದರು. ಆ ವಾರ ರಜೆ, ಜ್ವರ, ಮದುವೆ ಎಂದು ಅರ್ಧಕ್ಕರ್ಧ ಡ್ಯೂಟಿ ಅದಲುಬದಲಾಗಿತ್ತು. ಉಳಿದವರೂ ಕೈಗೆ ಸಿಕ್ಕಿದ ನಂಬರು ತುಂಬಿದ್ದರು. ಡ್ಯೂಟಿಯ ಜನ ಬದಲಾಗಬಹುದು, ಚಾರ್ಟು ಖಾಲಿ ಇರಬಾರದು ಎಂದು ಅವರಿಗೆ ಹೊಡೆದು ಹೊಡೆದು ಕಲಿಸಿದ್ದು ಬೇರೆ ಯಾರೂ ಅಲ್ಲ, ನನ್ನ ಹೆಂಡತಿ.

ಶೈಲಳ ನಮೂನೆ ತುಂಬಿದ ಹುಡುಗಿಯನ್ನು ಮಿಸ್ರಿಯಾ ಕೇಳಿದಳಂತೆ, ನೀನು ಯಾರ ಮನಸ್ಸಿನಲ್ಲಿ ಇದ್ದದ್ದನ್ನು ಬರೆದದ್ದು ಎಂದು. ನನ್ನ ಮನಸ್ಸಿನದ್ದೇ ಅಕ್ಕಾ, ಶೈಲಕ್ಕ ಇದ್ದಿದ್ದರೂ ಅದನ್ನೇ ಬರೀತಿದ್ದಳು ಎಂದಳಂತೆ ಅವಳು. ನಾನು ಈ ಮಾತಿಗೆ ಮೊದಲು ಹೊಟ್ಟೆ ತುಂಬ ನಕ್ಕೆ. ಆಮೇಲೆ ನಗು ನಿಂತಿತು. ಕುರ್ಚಿಯಲ್ಲಿ ಯಾರು ಕೂತರೂ ಸುಸ್ತು ಒಂದೇ ಎಂದಾದರೆ ಅದು ಯಾರ ಸುಸ್ತು? ರೋಗಿ, ಮದ್ದು, ಚಾರ್ಟುಗಳ ಸಂಗಡ ಅದನ್ನೂ ಅವರು ಒಬ್ಬರಿಗೊಬ್ಬರು ಓವರ್ ಕೊಟ್ಟು ಮನೆಗೆ ಹೋಗುತ್ತಾರೋ, ಅಥವಾ ಒಂದು ಪಾಲನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬಸ್ಸು ಹತ್ತುತ್ತಾರೋ ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ಬಸ್ಸು ಹತ್ತುವವರಲ್ಲಿ ಒಬ್ಬಳು ನಮ್ಮ ಮನೆಯಲ್ಲೇ ಇಳಿಯುತ್ತಾಳೆ ಎಂಬುದು ಆ ಯೋಚನೆಯಲ್ಲಿ ಬರಲಿಲ್ಲ. ದೊಡ್ಡ ದೊಡ್ಡದನ್ನು ಯೋಚಿಸುವವರ ಪಾಡು ಇಷ್ಟೇ.

ಮಿಸ್ರಿಯಾಳಿಗೆ ಯೋಚನೆಗೆ ಪುರುಸೊತ್ತಿರಲಿಲ್ಲ. ಬೇರೆ ಬೇರೆ ಜನ ತುಂಬಿದ ಮೇಲೆ ಪರೀಕ್ಷೆ ಕೆಟ್ಟ ಹಾಗೆಯೇ. ತನ್ನ ನಂಬರನ್ನು ಹುಡುಕಿ ತೆಗೆದು ತುಂಬಿದವರು ಒಬ್ಬರೇ ಎಂದು ಹುಡುಗಿಯರು ಹೇಳಿದ್ದರಿಂದ, ಎರಡು ಸಲವೂ ಒಬ್ಬರೇ ತುಂಬಿದ್ದು ಎಂದು ಖಾತ್ರಿ ಇದ್ದದ್ದು ಒಂಬತ್ತನೇ ನಂಬರು ಮಾತ್ರ, ಮತ್ತು ಹೊಂದದೆ ಇದ್ದದ್ದೂ ಅದೊಂದೇ. ಗೈಡ್‌ಗೆ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಬೈಯಲಿಲ್ಲವಂತೆ. ಆದರೆ ಒಂಬತ್ತು ಯಾಕೆ ಹಾಗೆ ತಿರುಗಿತು ಎಂದು ತಿಳಿದುಕೊಂಡು ಬಾ, ಪ್ರಶ್ನೆಯದ್ದೇ ತಪ್ಪಾದರೆ ಅನುವಾದವನ್ನು ಮೊದಲಿನಿಂದ ಮಾಡಬೇಕು ಎಂದರಂತೆ. ಮೊದಲಿನಿಂದ ಮಾಡುವುದೆಂದರೆ ಅನುವಾದ, ಕಾಲೇಜಿನ ಒಪ್ಪಿಗೆ, ಪರೀಕ್ಷೆ ಎಲ್ಲ ಸೇರಿ ಮತ್ತೆ ಆರು ತಿಂಗಳು. ಅತ್ತೆಯ ಲೆಕ್ಕದಲ್ಲಿ ಆ ಆರು ತಿಂಗಳು ಇಲ್ಲ.

ಭಾನುವಾರ ಬೆಳಿಗ್ಗೆ ಅವಳು ನಮ್ಮ ಮನೆಗೆ ಬಂದು ಇಷ್ಟನ್ನೂ ಹೇಳಿ, ಕೈಯಲ್ಲಿ ಪುಸ್ತಕ ಹಿಡಿದು, ಕಣ್ಣು ಕೆಳಗೆ ಹಾಕಿ ಕೂತಳು. ವಾರಿಜ ಒಳಗೆ ಪಲ್ಯಕ್ಕೆ ಜೀಗುಜ್ಜೆ ಹೆಚ್ಚುತ್ತಿದ್ದಳು. ನಾನು ಮಾತ್ರ ಕೆಂಡವಾದೆ. ನನ್ನ ಅನುವಾದದಲ್ಲಿ ತಪ್ಪೇ? ಯಾರದು ಆ ಒಂಬತ್ತು? ಒಂದೇ ಮನುಷ್ಯ ಹದಿನೈದು ದಿನದಲ್ಲಿ ‘ಇಲ್ಲವೇ ಇಲ್ಲ’ ಎಂದದ್ದನ್ನು ‘ಯಾವಾಗಲೂ’ ಎಂದು ಬರೆಯುತ್ತಾನೆಂದರೆ ಒಂದೋ ತಲೆ ಸರಿ ಇರಬಾರದು, ಅಲ್ಲದಿದ್ದರೆ ಕನ್ನಡ ಬರಬಾರದು. ತಲೆಯ ವಿಷಯ ನನಗೆ ಗೊತ್ತಿಲ್ಲ, ಕನ್ನಡವಂತೂ ಬರುವುದಿಲ್ಲ, ನಾನು ಬೇಕಾದರೆ ನಿನ್ನ ಗೈಡ್‌ಗೆ ಹಾಗೆಂದು ಬರೆದು ಕೊಡುತ್ತೇನೆ, ಶಾಲೆಯ ಸೀಲು ಒತ್ತಿ ಕೊಡುತ್ತೇನೆ ಎಂದೆಲ್ಲ ಹಾರಾಡಿದೆ. ಮಿಸ್ರಿಯಾ ಒಮ್ಮೆ ಅಡಿಗೆಮನೆಯ ಬಾಗಿಲನ್ನು ನೋಡಿ ಮತ್ತೆ ತಲೆ ತಗ್ಗಿಸಿದಳು. ವಾರಿಜ ಕೈ ಒರೆಸಿಕೊಂಡು ಹೊರಗೆ ಬಂದಳು.

‘ಒಂಬತ್ತು ನಾನು’ ಎಂದಳು.

ಮತ್ತೆ ನನ್ನನ್ನು ಬಿಟ್ಟು ಮಿಸ್ರಿಯಾಳಿಗೇ ಹೇಳಿದಳು. ಪ್ರಶ್ನೆಯಲ್ಲಿ ಎಂತ ತಪ್ಪೂ ಇಲ್ಲ, ನಿನ್ನ ಗೈಡ್‌ಗೆ ಹೇಳು. ಎರಡನೆಯದನ್ನು ವಾರ್ಡಿನಲ್ಲಿ ತುಂಬಿದೆ, ಅದು ಸರಿ. ಮೊದಲಿನದು ಈ ಮೇಜಿನಲ್ಲಿ ತುಂಬಿದ್ದು, ಅದನ್ನು ಬಿಸಾಡು. ಅಷ್ಟು ಹೇಳಿ ಒಳಗೆ ಹೋಗಲು ತಿರುಗಿದವಳನ್ನು ನಾನು ತಡೆದೆ. ನಾನು ಎದುರಿಗೆ ಇದ್ದದ್ದರಿಂದ ಸುಳ್ಳು ಬರೆದಿಯಾ, ನಿಜ ಬರೆದರೆ ನಾನು ಕೋಪ ಮಾಡುತ್ತಿದ್ದೆನಾ ಎಂದು ಕೇಳಿದೆ.

‘ಕೋಪ ಎಂತಕ್ಕೆ ಮಾಡ್ತೀರಿ’ ಎಂದಳು ವಾರಿಜ. ‘ನೀವು ಹದಿನೆಂಟು ಸಲ ಭಾಷೆ ಹೇಗುಂಟು ಎಂದು ಕೇಳಿದಿರಿ. ಉತ್ತರ ಎಂತ ಎಂದು ಒಂದು ಸಲವೂ ಕೇಳಲಿಲ್ಲ. ಬೇಗ ಮುಗಿಯಲಿ ಅಂತ ಹಾಕಿದೆ.’

ಅವಳು ಬೇಸರದಲ್ಲಿ ಹೇಳಿದ್ದಲ್ಲ. ಆರನೇ ಬೆಡ್ಡಿನವರಿಗೆ ಜ್ವರ ಇಳಿದಿಲ್ಲ ಎಂದು ಓವರ್ ಕೊಡುವ ಸ್ವರದಲ್ಲಿ ಹೇಳಿದಳು, ಹೇಳಿ ಜೀಗುಜ್ಜೆಗೆ ಹೋದಳು. ಎರಡನೇ ನಮೂನೆಯನ್ನು ಮಿಸ್ರಿಯಾ ನನಗೆ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಹದಿನೆಂಟು ಪ್ರಶ್ನೆಗಳೂ ನನಗೆ ಬಾಯಿಪಾಠ. ಇಲ್ಲವೇ ಇಲ್ಲ ಎಂಬುದರ ತಿರುಗುಮುರುಗು ಎಂತ ಎಂದು ಎಂಟನೇ ಕ್ಲಾಸಿನವರಿಗೂ ಗೊತ್ತು. ಹನ್ನೊಂದನೇ ಪ್ರಶ್ನೆ ನೆನಪಾಯಿತು: ‘ಡ್ಯೂಟಿ ಮುಗಿಸಿ ಮನೆಗೆ ಬಂದ ಮೇಲೆ ಮಾತಾಡಲು ಮನಸ್ಸಾಗುವುದಿಲ್ಲ.’ ಅವಳೇ ಬಸಳೆ ಸೋಸುತ್ತಾ ಹೇಳಿಕೊಟ್ಟದ್ದು, ನಾನು ಅಲ್ಪವಿರಾಮ ಬೇಕೋ ಬೇಡವೋ ಎಂದು ಹತ್ತು ನಿಮಿಷ ತಲೆ ಕೆರೆದುಕೊಂಡದ್ದು. ಇಪ್ಪತ್ತಾರು ವರ್ಷ ಅವಳು ಸುಮ್ಮನೆ ಕೂತದ್ದನ್ನು ನಾನು ನನ್ನ ಮಾತಿನ ರುಚಿ ಎಂದು ತಿಳಿದಿದ್ದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ನನ್ನ ಹೆಂಡತಿಯ ಮನಸ್ಸಿನಲ್ಲಿ ಇದ್ದದ್ದು ನನಗೆ ಗೊತ್ತಾಗಬೇಕಾದರೆ ಮಂಗಳೂರಿನ ಒಂದು ಕಾಲೇಜು ಬೇಕಾಯಿತಲ್ಲಾ ಎಂದು.

ಮರುದಿನದಿಂದ ನಾನು ಸುಧಾರಿಸಲು ಹೊರಟೆ. ಅವಳು ಬಸ್ಸಿಳಿದು ಬಂದ ಕೂಡಲೇ ಶಾಲೆಯ ಸುದ್ದಿಗೆ ಬೀಗ ಹಾಕಿ, ಇವತ್ತು ಡ್ಯೂಟಿ ಹೇಗಿತ್ತು ಎಂದು ಕೇಳಿದೆ. ಇತ್ತು ಎಂದಳು. ಎರಡನೇ ದಿನವೂ ಕೇಳಿದೆ. ಹುಷಾರಿಲ್ಲವಾ ನಿಮಗೆ ಎಂದು ಹಣೆ ಮುಟ್ಟಿ ನೋಡಿದಳು. ಎರಡನೇ ವಾರದ ಕೊನೆಗೆ, ಇಲ್ಲೇ ನಮ್ಮ ಅನಂತಪುರದ ಕಡೆಯ ಒಬ್ಬ ಅಜ್ಜಿಯ ವಿಷಯ ತಾನಾಗಿ ತೆಗೆದಳು. ಒಂದು ತಿಂಗಳು ಇವಳ ಕೈಯಿಂದಲೇ ಗಂಜಿ ಕುಡಿದವರು ಆ ದಿನ ತೀರಿಹೋಗಿದ್ದರು. ಅಜ್ಜಿ ಹೋದ ಬೆಡ್ಡಿನ ಹಾಸು ಬದಲಿಸಿ ಅರ್ಧ ಗಂಟೆಯಲ್ಲಿ ಇನ್ನೊಬ್ಬರನ್ನು ಮಲಗಿಸಬೇಕಾಯಿತು, ಅಳಲಿಕ್ಕೂ ಆಗಲಿಲ್ಲ, ಈಗ ನೋಡಿದರೆ ಅಳು ಬರುವುದೂ ಇಲ್ಲ ಎಂದಳು. ನಾನು ಎಂತ ಹೇಳಬೇಕು? ಮೂವತ್ತು ವರ್ಷದಲ್ಲಿ ಮೊದಲ ಸಲ ನನ್ನ ಬಾಯಿಗೆ ಒಂದು ಕನ್ನಡ ಶಬ್ದ ಬರಲಿಲ್ಲ. ಅವಳಿಗೆ ಅದರಿಂದ ಅಡ್ಡಿಯಾದ ಹಾಗೆ ಕಾಣಲಿಲ್ಲ, ಇನ್ನೂ ಸ್ವಲ್ಪ ಹೊತ್ತು ಹೇಳಿದಳು.

ಮಿಸ್ರಿಯಾಳ ಪ್ರಬಂಧ ಹೊತ್ತಿಗೆ ಮುಗಿಯಿತು, ಅತ್ತೆಯ ಲೆಕ್ಕದಲ್ಲಿ ಎಂಟು ದಿನ ಉಳಿಸಿ. ಪ್ರಶ್ನೆಗಳಲ್ಲಿ ತಪ್ಪಿಲ್ಲ ಎಂದಾದದ್ದರಿಂದ ಗೈಡ್ ಇನ್ನೊಂದು ವಾರ್ಡಿನ ಇಪ್ಪತ್ತು ಮಂದಿಯಲ್ಲಿ ಪರೀಕ್ಷೆ ಮಾತ್ರ ಮತ್ತೆ ಮಾಡು ಎಂದರು, ಈ ಸಲ ಅವಳು ಒಬ್ಬೊಬ್ಬರ ಕೈಗೇ ಕೊಟ್ಟು, ಅವರ ಕೈಯಿಂದಲೇ ತೆಗೆದುಕೊಂಡಳು. ಆದರೆ ಅದಕ್ಕೆ ಮುಂಚೆ ಪಟ್ಟಿಯ ಮೇಲ್ಗಡೆ ಒಂದು ಸೂಚನೆ ಸೇರಿಸಬೇಕು ಎಂದಿದ್ದರು ಗೈಡ್. ಬರೆದುಕೊಡಲು ಅವಳು ನನ್ನ ಬಳಿಗೇ ಬಂದಳು, ಪಾಪ, ಬಹಳ ಸಂಕೋಚದಿಂದ. ನಾನು ಪೆನ್ನು ತೆಗೆದು, ಪ್ರಾತಃಕಾಲ ಅಂತಃಕರಣ ಎಂದು ಎಲ್ಲಿಗೂ ಹೋಗದೆ, ಒಂದೇ ಏಟಿಗೆ ಬರೆದೆ: ‘ಇದನ್ನು ಮನೆಯಲ್ಲಿ ತುಂಬಬೇಡಿ. ಮನೆಯವರು ಎದುರು ಇಲ್ಲದಾಗ ತುಂಬಿ.’

ಪರೀಕ್ಷೆ ಸರಿಬಂದ ದಿನ ಅವಳು ಫೋನ್ ಮಾಡಿದಳು. ಉತ್ತರಗಳು ಹೊಂದಿವೆ, ಗೈಡ್ ಒಪ್ಪಿದರು ಎಂದಳು. ಅಷ್ಟಕ್ಕೆ ಬಿಡದೆ ನನ್ನನ್ನು ಹೊಗಳಲೂ ಹೊರಟಳು. ಹದಿನೆಂಟು ಪ್ರಶ್ನೆಗಳಲ್ಲಿ ಯಾವುದಾದರೂ ಒಂದಕ್ಕೆ, ಇದು ಹೀಗಾ ಹಾಗಾ ಎಂದು ಎಲ್ಲರೂ ಅರ್ಥ ಕೇಳಿದರು ಸರ್, ಆದರೆ ಮೇಲಿನ ಆ ಸೂಚನೆಯನ್ನು ಓದಿ ಇಪ್ಪತ್ತು ಜನರಲ್ಲಿ ಒಬ್ಬರೂ ಅದು ಯಾಕೆ ಎಂದು ಕೇಳಲಿಲ್ಲ, ಎಲ್ಲರೂ ತಲೆ ಆಡಿಸಿ ಮೂಲೆಗೆ ಹೋಗಿ ಕೂತು ತುಂಬಿದರು ಎಂದಳು. ಮೂವತ್ತು ವರ್ಷ ಕನ್ನಡ ಕಲಿಸಿದ ನಾನು, ಯಾರಿಗೂ ಬಿಡಿಸಿ ಹೇಳಬೇಕಾಗದ ವಾಕ್ಯ ಬರೆದದ್ದು ಅದೊಂದೇ, ಅದೂ ನನ್ನನ್ನು ಕೋಣೆಯಿಂದ ಹೊರಗೆ ಹಾಕಲಿಕ್ಕೆ.